ಮಾಸಿನ ಪದರ ಬಿಡಿಸುವ ಅಕ್ಕ

ಬೆಳಗಿನ ಐದು ಮುಕ್ಕಾಲು. ಮೂರು ಅಂತಸ್ತಿನ ಕಟ್ಟಡ ಇನ್ನೂ ಅರೆನಿದ್ದೆಯಲ್ಲಿದೆ. ಲಿಫ್ಟು ತಳದಲ್ಲೇ ನಿಂತಿದೆ. ಉದ್ದನೆಯ ಕಾರಿಡಾರಿನಲ್ಲಿ ಒಂದು ಬಿಟ್ಟು ಒಂದು ದೀಪ ಮಾತ್ರ ಉರಿಯುತ್ತಿದೆ. ಮೊದಲ ಮಹಡಿಯ ಕೊನೆಯ ಕೋಣೆಯಿಂದ ಸಣ್ಣದೊಂದು ಸದ್ದು ಬರುತ್ತಿದೆ. ಕಬ್ಬಿಣದ ಚಕ್ರ ಒಂದು ಸುತ್ತು ಸುತ್ತುತ್ತದೆ, ಬ್ಲೇಡು ಮೇಣವನ್ನು ಸವರಿಕೊಂಡು ಹೋಗಿ ‘ಸಿಕ್’ ಎನ್ನುತ್ತದೆ. ಮತ್ತೊಂದು ಸುತ್ತು, ಮತ್ತೊಂದು ‘ಸಿಕ್’. ಬ್ಲೇಡಿನ ಬಾಯಿಂದ ಮೇಣದ ಪಟ್ಟಿಯೊಂದು ಇಳಿದು ಬರುತ್ತಿದೆ. ಊದಿದರೆ ಹಾರುವಷ್ಟು ಹಗುರ, ಹಿಡಿದರೆ ಕರಗುವಷ್ಟು ತೆಳು.

ಚಕ್ರದ ಮುಂದೆ ಕುಳಿತ ಹೆಂಗಸು ಎರಡು ಸಣ್ಣ ಕುಂಚಗಳಿಂದ ಆ ಪಟ್ಟಿಯನ್ನು ಎತ್ತಿ, ಪಕ್ಕದ ತೊಟ್ಟಿಯ ಬೆಚ್ಚನೆಯ ನೀರಿನ ಮೇಲೆ ಹಾಸುತ್ತಾರೆ. ನೀರು ತಾಗಿದ್ದೇ ತಡ, ಪಟ್ಟಿಯ ಸುಕ್ಕುಗಳು ಒಂದೊಂದಾಗಿ ಬಿಡುತ್ತವೆ, ನಿದ್ದೆಗಣ್ಣಲ್ಲಿ ಮೈಮುರಿದ ಮಗುವಿನ ಹಾಗೆ. ಮೇಣದ ಪ್ರತಿ ಚೌಕದ ನಡುವೆಯೂ ಮಸುಕಾದ ಒಂದು ಅರ್ಧಚಂದ್ರ ತೇಲುತ್ತದೆ. ಅವರು ಗಾಜಿನ ತುಂಡೊಂದನ್ನು ನೀರೊಳಗೆ ಇಳಿಸಿ, ಆ ಚಂದ್ರರನ್ನು ಮೆಲ್ಲಗೆ ಮೇಲಕ್ಕೆತ್ತುತ್ತಾರೆ.

“ಅಲ್ಲೇ ಬಾಗಿಲ ಹತ್ರ ನಿಂತ್ಕೊಳ್ಳಿ,” ಎನ್ನುತ್ತಾರೆ ನೋಡಲು ಬಂದವರಿಗೆ, ತಲೆ ಎತ್ತದೆಯೇ. “ಜೋರಾಗಿ ಉಸಿರು ಬಿಟ್ರೂ ಇದು ಎದ್ದು ಹೋಗ್ಬಿಡುತ್ತೆ. ಸೀನು ಬಂದ್ರೆ ಮಾತ್ರ ದಯವಿಟ್ಟು ಹೊರಗೋಗಿ ಸೀನಿ. ಒಂದ್ಸಲ ಯಾರೋ ಸೀನಿ, ನನ್ನ ಒಂದು ಬೆಳಗೇ ಹಾರಿಹೋಯ್ತು.”

ಐವತ್ತೈದರ ಈ ಹೆಂಗಸನ್ನು ಸಂಶೋಧನಾಲಯದಲ್ಲಿ ಎಲ್ಲರೂ ಪದರಕ್ಕ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿರುವ ಹೆಸರಿನಿಂದ ಕೂಗಿದರೆ ಅವರೇ ಒಮ್ಮೆ ಹಿಂತಿರುಗಿ, ಬೇರೆ ಯಾರನ್ನೋ ಕರೆದರೇನೋ ಎಂದು ನೋಡುತ್ತಾರಂತೆ. ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಪದರ ಪದರವಾಗಿ ಕೊಯ್ದು ಗಾಜಿನ ಮೇಲೆ ಕೂರಿಸುವುದು ಅವರ ಕೆಲಸ. ಒಂದು ಪದರ ಎಷ್ಟು ತೆಳು ಎಂದರೆ, ಹದಿನೈದು ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ತಲೆಗೂದಲಿನ ದಪ್ಪ. ಕೊಯ್ಯುವ ವಸ್ತುವೋ, ಇಲಿಯ ಮಾಸು. ಅಂಗಿಯ ಗುಂಡಿಗಿಂತ ಸಣ್ಣದು.

ಹೆರಿಗೆಯಲ್ಲಿ ಮಗುವಿನ ಬೆನ್ನಿಗೇ ಹೊರಬಂದು, ಯಾರ ಕಣ್ಣಿಗೂ ಬೀಳದೆ ಬಕೆಟ್ಟು ಸೇರುವ ಅಂಗ ಈ ಮಾಸು. ತಾಯಿಯ ರಕ್ತ ಒಂದು ಕಡೆ, ಮಗುವಿನ ರಕ್ತ ಒಂದು ಕಡೆ. ನಡುವೆ ತೆಳುವಾದೊಂದು ಗೋಡೆ. ಎರಡು ರಕ್ತವೂ ಬೆರೆಯುವುದಿಲ್ಲ, ಆದರೆ ಉಸಿರು, ಅನ್ನ ಎಲ್ಲವೂ ಈ ಗೋಡೆ ದಾಟಿಯೇ ಮಗುವನ್ನು ತಲುಪಬೇಕು. ಆ ಗೋಡೆ ಬೆಳೆಯುವಾಗ ಯಾವ ಜೀನ್ ಯಾವ ದಿನ ಎಚ್ಚರವಾಗುತ್ತದೆ, ಯಾವುದು ಯಾವ ಮೂಲೆಯಲ್ಲಿ ಮಲಗುತ್ತದೆ, ಅವನ್ನು ಎಬ್ಬಿಸುವವರು ಯಾರು ಎಂಬುದನ್ನು ಈ ಸಂಶೋಧನಾಲಯದವರು ಮೂವತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ.

ಪದರಕ್ಕ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. “ಒಂದೊಂದು ಜೀವಕೋಶನೂ ಒಂದೊಂದು ಮನೆ ಅಂದ್ಕೊಳ್ಳಿ. ಎಲ್ಲಾ ಮನೆಯಲ್ಲೂ ಅವೇ ದೀಪ, ಅಷ್ಟೇ ದೀಪ. ಆದ್ರೆ ಎಲ್ಲಾ ಒಟ್ಟಿಗೆ ಉರಿಯಲ್ಲ. ಈ ಮನೆಯಲ್ಲಿ ಇದು, ಆ ಮನೆಯಲ್ಲಿ ಅದು. ಯಾವ ದೀಪ ಎಲ್ಲಿ ಉರೀತಿದೆ ಅಂತ ನೋಡೋಕೆ ನಾವೊಂದು ಬಣ್ಣ ಹಾಕ್ತೀವಿ. ಜೀನ್ ಎಚ್ಚರವಾಗಿರೋ ಕಡೆ ನೇರಳೆ ಬಣ್ಣ ಏಳುತ್ತೆ. ಕತ್ತಲೆ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಡ್ಬೇಕು. ಅವಸರ ಮಾಡಿದ್ರೆ ಏಳಲ್ಲ. ಏಳೋವಾಗ ನೋಡ್ಬೇಕು ನೀವು, ಬೆಟ್ಟದ ಮೇಲೆ ನಿಂತು ಸಂಜೆ ಹೊತ್ತು ಊರು ನೋಡಿದ ಹಾಗಿರುತ್ತೆ.”

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದರೆ ಕಟ್ಟಡದ ಮೇಲೆ ದೂರು ಹೇಳುತ್ತಾರೆ. ಎಂಟು ಗಂಟೆಗೆ ಲಿಫ್ಟು ಓಡಾಡಲು ಶುರುವಾದರೆ ಗೋಡೆ ನಡುಗುತ್ತದೆ, ಗೋಡೆ ನಡುಗಿದರೆ ಬ್ಲೇಡು ನಡುಗುತ್ತದೆ, ಬ್ಲೇಡು ನಡುಗಿದರೆ ಪದರದಲ್ಲಿ ಗೆರೆ ಬೀಳುತ್ತದೆ. “ನಮಗೆ ಗೊತ್ತೇ ಆಗಲ್ಲ ಆ ನಡುಕ. ಬ್ಲೇಡಿಗೆ ಗೊತ್ತಾಗುತ್ತೆ.”

ಬ್ಲೇಡಿನ ಮಾತು ಕೇಳುವುದನ್ನು ಅವರಿಗೆ ಕಲಿಸಿದವರು ಅಪ್ಪ. ಅಪ್ಪ ಬಡಗಿ. ಬಾಗಿಲು, ಕುರ್ಚಿ, ಮೇಜು ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಕಾಲ ಬಳಿ ಕುಳಿತು, ಮರವನ್ನು ನುಣುಪು ಮಾಡುವಾಗ ಉದುರುವ ಸುರುಳಿಗಳನ್ನು ಎಣಿಸುವುದೇ ಇವರ ಆಟ. “ಅಲಗು ಮೊಂಡಾದ್ರೆ ಅಪ್ಪನ ಕೈಗಿಂತ ಮೊದ್ಲು ನನ್ನ ಕಿವಿಗೆ ಗೊತ್ತಾಗ್ತಿತ್ತು. ‘ಅಪ್ಪಾ, ಅದು ಅಳ್ತಾ ಇದೆ’ ಅಂತಿದ್ದೆ. ಅಪ್ಪ ನಗ್ತಾ ಮಸೆಗಲ್ಲು ಎತ್ಕೊಳ್ತಿದ್ರು.”

ಮದುವೆಯಾಗಿ ಎರಡು ವರ್ಷಕ್ಕೆ ಬಸುರಿಯಾದರು. ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಒದೆತ ನಿಂತಿತು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದು ಒಂದೇ ಮಾತು: “ಮಾಸು ಸರಿಯಾಗಿ ಬೆಳೆದಿರಲಿಲ್ಲ.” ಯಾಕೆ ಬೆಳೆಯಲಿಲ್ಲ ಎಂದು ಕೇಳಿದರು. “ಅದು ಗೊತ್ತಿಲ್ಲಮ್ಮ. ಹಾಗಾಗುತ್ತೆ ಒಮ್ಮೊಮ್ಮೆ,” ಎಂದು ವೈದ್ಯರು ಮುಂದಿನ ಮಂಚದತ್ತ ನಡೆದರು.

ಆ ದಿನಗಳ ಬಗ್ಗೆ ಪದರಕ್ಕ ಹೆಚ್ಚು ಮಾತಾಡುವುದಿಲ್ಲ. ಕುಂಚವನ್ನು ಬಟ್ಟೆಯಲ್ಲಿ ಒರೆಸುತ್ತಾ ಇಷ್ಟು ಹೇಳುತ್ತಾರೆ. “ನಾನು ಭಾರ ಎತ್ತಿದ್ದಕ್ಕೆ ಅಂದ್ರು ಒಬ್ರು. ಊಟ ಬಿಟ್ಟಿದ್ದಕ್ಕೆ ಅಂದ್ರು ಇನ್ನೊಬ್ರು. ಬಾಯಿಗೊಂದು ಮಾತು. ನಮ್ಮನೆಯವರು ಒಬ್ರೇ ಏನೂ ಅನ್ಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರ್ತಿದ್ರು.”

ಮನೆಯಲ್ಲಿ ಕುಳಿತರೆ ಹುಚ್ಚು ಹಿಡಿಯುತ್ತದೆಂದು ಗಂಡನೇ ಎಲ್ಲೋ ವಿಚಾರಿಸಿ, ಈ ಸಂಶೋಧನಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸ ಕೊಡಿಸಿದರು. ಅದು ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಮೂರನೇ ವಾರವಿರಬೇಕು, ತೊಟ್ಟಿಯ ಹತ್ತಿರ ನಿಂತು ಇಬ್ಬರು ಮಾತಾಡುತ್ತಿದ್ದರು. “ಈ ಮಾಸು ಯಾಕೆ ಬೆಳೆದಿಲ್ಲ ಅಂತ ಗೊತ್ತಾಗಬೇಕು,” ಎಂದರು ಅವರಲ್ಲಿ ಒಬ್ಬರು. ಇವರ ಕೈಯಲ್ಲಿದ್ದ ಗಾಜಿನ ಲೋಟ ಜಾರಿ ಒಡೆಯಿತು.

“ಬೈತಾರೆ ಅಂದ್ಕೊಂಡೆ. ಆದ್ರೆ ಬಾಯಿ ತೆಗೆದಾಗ ‘ತಪ್ಪಾಯ್ತು’ ಅನ್ನೋ ಬದ್ಲು ‘ನೀವು ಅದನ್ನ ಹುಡುಕ್ತೀರಾ?’ ಅಂತ ಬಂದ್ಬಿಡ್ತು.”

ಮಾಸಿನ ಮಾತೆತ್ತಿದಾಕೆ ಆಗ ಹೊಸದಾಗಿ ಬಂದಿದ್ದ ವಿಜ್ಞಾನಿ. ಇವತ್ತು ಇಡೀ ಸಂಶೋಧನಾಲಯದ ಮುಖ್ಯಸ್ಥೆ. ಎಲ್ಲರಿಗೂ ‘ದೊಡ್ಡ ಮೇಡಂ’. ಒಡೆದ ಲೋಟದ ಚೂರುಗಳನ್ನು ಅವರೂ ಕೂತು ಹೆಕ್ಕಿದರಂತೆ. ಎರಡು ವರ್ಷ ಪಾತ್ರೆ ತೊಳೆದ ಮೇಲೆ, ಪದರ ಕೊಯ್ಯುತ್ತಿದ್ದ ಹಿರಿಯರು ನಿವೃತ್ತರಾಗುವ ಮುಂಚೆ ಮೇಡಂ ಇವರನ್ನು ಆ ಚಕ್ರದ ಮುಂದೆ ಕೂರಿಸಿದರು. ಮೊದಲ ನಾಲ್ಕು ತಿಂಗಳು ಬರಿಯ ಮೇಣವನ್ನೇ ಕೊಯ್ದದ್ದು. ಐದನೇ ತಿಂಗಳಿಗೆ ಮೊದಲ ಮಾಸು.

ಈಗ ದಿನಕ್ಕೆ ನೂರಿಪ್ಪತ್ತು ಗಾಜುಗಳು, ಚಕ್ರದ ಎರಡು ಸಾವಿರ ಸುತ್ತು. ಸಂಶೋಧಕಿಯೊಬ್ಬಳು ಕೂತು ಲೆಕ್ಕ ಹಾಕಿ, ಇಲ್ಲಿಯವರೆಗೆ ಏಳೂಮುಕ್ಕಾಲು ಲಕ್ಷ ಗಾಜಾಗಿವೆ ಎಂದಳು. “ಅಷ್ಟು ಗಾಜಿದ್ದಿದ್ರೆ ಊರಿಗೆಲ್ಲಾ ಕಿಟಕಿ ಹಾಕಿಸ್ಬಹುದಿತ್ತಲ್ಲೇ,” ಎಂದು ಇವರು ನಕ್ಕರು. ಆದರೆ ಬಲಭುಜ ಈಗ ಕಿವಿಯ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಲು ಎಡಗೈಯೇ ಗತಿ. ಬೆರಳ ತುದಿಗಳು ಮೇಣಕ್ಕೂ ಮದ್ಯಸಾರಕ್ಕೂ ಸವೆದು ನುಣ್ಣಗಾಗಿವೆ. ಬಾಗಿಲಲ್ಲಿ ಬೆರಳಚ್ಚಿನ ಹಾಜರಿ ಯಂತ್ರ ಬಂದು ನಾಲ್ಕು ವರ್ಷವಾಯಿತು. ಅದಕ್ಕೆ ಇವರ ಬೆರಳಿನ ಗುರುತು ಇನ್ನೂ ಸಿಕ್ಕಿಲ್ಲ. “ಆ ಯಂತ್ರದ ಪ್ರಕಾರ ನಾನು ಕೆಲಸಕ್ಕೇ ಬರ್ತಿಲ್ಲ. ಬರದೇ ಇರೋಳು ಇಷ್ಟು ಕೊಯ್ದಿದ್ದೀನಿ, ಬಂದಿದ್ರೆ ಏನ್ ಕಥೆಯೋ!”

ಇಷ್ಟು ವರ್ಷ ನೋಡಿ ನೋಡಿ, ಈ ಅಂಗ ಅವರ ಕನಸಿನೊಳಗೂ ಬಂದು ಕೂತಿದೆ. ಬೆಳಗಿನ ಮೊದಲ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದರೆ ಜೊಂಪು ಹತ್ತುತ್ತದೆ. ಆ ಜೊಂಪಿನಲ್ಲಿ ಅವರು ನೇರಳೆ ಬಣ್ಣದ ಓಣಿಗಳಲ್ಲಿ ನಡೆಯುತ್ತಿರುತ್ತಾರೆ. ಎಡಕ್ಕೊಂದು ಕೆಂಪು ಹೊಳೆ, ಬಲಕ್ಕೊಂದು ಕೆಂಪು ಹೊಳೆ. ಎರಡೂ ಒಂದಕ್ಕೊಂದು ಪಿಸುಗುಟ್ಟುತ್ತವೆ, ಒಂದನ್ನೊಂದು ಮುಟ್ಟುವುದಿಲ್ಲ. ಒಂದೊಂದು ಮನೆಯ ಕಿಟಕಿಯಲ್ಲೂ ದೀಪ ಹತ್ತುತ್ತದೆ, ಆರುತ್ತದೆ. ಯಾರು ಹತ್ತಿಸಿದರೆಂದು ಕಾಣುವುದಿಲ್ಲ. “ಹೆದರಿಕೆ ಆಗಲ್ಲ ಅಲ್ಲಿ. ತವರುಮನೆಗೆ ಹೋದ ಹಾಗೆ ಇರುತ್ತೆ. ಕಂಡಕ್ಟರ್ ‘ಅಕ್ಕಾ, ನಿಮ್ ಸ್ಟಾಪು’ ಅಂದಾಗ್ಲೇ ಬೇಜಾರು.”

ಅವರ ಬದುಕಿನ ದೊಡ್ಡ ಸಂಗತಿ ನಡೆದದ್ದು ಮೂರು ವರ್ಷದ ಹಿಂದೆ. ಲೆಕ್ಕ ಹಾಕಿದ ಆ ಸಂಶೋಧಕಿ ಒಂದು ಜೀನಿನ ಬೆನ್ನು ಹತ್ತಿದ್ದಳು. ತಾಯಿಯ ರಕ್ತದಿಂದ ಮಗುವಿಗೆ ಆಹಾರ ದಾಟಿಸುವ ಕೆಲಸದಲ್ಲಿ ಕೈಜೋಡಿಸುವ ಜೀನ್ ಅದು. ಅದನ್ನು ಎಬ್ಬಿಸುವ ಸ್ವಿಚ್ಚು ಯಾವುದೆಂದು ಆಕೆ ಪತ್ತೆ ಮಾಡಿದ್ದಳು. ಜೀನಿನಿಂದ ಸ್ವಲ್ಪ ದೂರದಲ್ಲಿರುವ ಡಿಎನ್‌ಎಯ ಒಂದು ತುಣುಕು. ಆ ತುಣುಕಿಲ್ಲದ ಇಲಿಗಳಲ್ಲಿ ಮಾಸು ಚಿಕ್ಕದಾಗುತ್ತಿತ್ತು, ಮರಿಗಳೂ ಬಡಕಲು. ಪದರಗಳಿಗೆ ಬಣ್ಣ ಹಾಕಿದರೆ ನೇರಳೆಯ ಸುಳಿವೇ ಇಲ್ಲ. ಸ್ವಿಚ್ಚು ತೆಗೆದರೆ ಜೀನ್ ಪೂರ್ತಿ ಆರುತ್ತದೆ ಎಂದು ಪ್ರಬಂಧ ಬರೆದದ್ದೂ ಆಯಿತು. ನಾಲ್ಕು ವರ್ಷದ ದುಡಿಮೆ. ಮುಂದಿನ ಸೋಮವಾರ ಪತ್ರಿಕೆಗೆ ಕಳಿಸಬೇಕು.

ಒಂದು ತೊಡಕು ಮಾತ್ರ ಉಳಿದಿತ್ತು. ಆ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಮರಿಗಳು ಬದುಕುತ್ತಿರಲಿಲ್ಲ. ಸ್ವಿಚ್ಚು ತೆಗೆದಲ್ಲಿ ಬಡಕಲಾದರೂ ಬದುಕುತ್ತಿದ್ದವು. ಎರಡರಲ್ಲೂ ಜೀನ್ ಆರಿದ್ದರೆ ಈ ವ್ಯತ್ಯಾಸ ಯಾಕೆ? ಪ್ರಬಂಧದ ಕೊನೆಯಲ್ಲಿ ಅದಕ್ಕೊಂದು ಸಾಲು ಬರೆದು ಮುಂದೆ ಹೋಗಿದ್ದರು.

ಆ ವಾರ ಪದರಕ್ಕ, ಚಿತ್ರ ತೆಗೆಯಲು ಸ್ವಿಚ್ಚಿಲ್ಲದ ಇಲಿಗಳ ಚೆನ್ನಾದ ಗಾಜುಗಳನ್ನು ಆರಿಸುತ್ತಿದ್ದರು. ವಾಡಿಕೆಯಂತೆ ಮಾಸಿನ ನಟ್ಟನಡುವಿನ ಪದರಗಳನ್ನು ಇಟ್ಟುಕೊಂಡು ಎರಡೂ ತುದಿಯವನ್ನು ಬಿಸಾಡುತ್ತಾರೆ. ಇವರು ಬಿಸಾಡುವ ಮುಂಚೆ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಡುವಿನ ಪದರದಲ್ಲಿ ಅರ್ಧಚಂದ್ರದ ಎರಡು ಕೊನೆಯಲ್ಲೂ ಸಾಸಿವೆಗಿಂತ ಸಣ್ಣ ಒಂದೊಂದು ನೇರಳೆ ಚುಕ್ಕೆ. ತುದಿಯ ಪದರದಲ್ಲಿ ಅದೇ ನೇರಳೆ ಒಂದು ಗೆರೆಯಾಗಿತ್ತು.

ಸಂಶೋಧಕಿಯನ್ನು ಕರೆದು ತೋರಿಸಿದರು. ಆಕೆ ಕಣ್ಣು ಹಾಕಿ, ತಕ್ಷಣ ತೆಗೆದಳು.

“ಅಕ್ಕಾ, ಅಂಚಲ್ಲಿ ಬಣ್ಣ ಸಿಕ್ಕಾಕೊಳ್ಳೋದು ಮಾಮೂಲಿ ಅಲ್ವಾ? ಅದು ಕೊಳೆ.”

“ಕೊಳೆ ಆಗಿದ್ರೆ ಒಂದಿನ ಇರುತ್ತೆ, ಒಂದಿನ ಇರಲ್ಲ ಕಣಮ್ಮ. ಹನ್ನೊಂದು ಮಾಸು ನೋಡ್ದೆ. ಹನ್ನೊಂದರಲ್ಲೂ ಅದೇ ಜಾಗ. ಕೊಳೆಗೆ ಅಷ್ಟೊಂದು ಶಿಸ್ತು ಎಲ್ಲಿಂದ ಬರುತ್ತೆ?”

“ಸೋಮವಾರ ಕಳಿಸ್ಬೇಕು ಅಕ್ಕಾ. ಈಗ ಹೀಗಂದ್ರೆ ನಾನೇನ್ ಮಾಡ್ಲಿ?” ಆಕೆಯ ದನಿ ಏರಿತು. “ನಿಮ್ ಕೆಲಸ ಕೊಯ್ಯೋದು. ಕೊಯ್ದು ಕೊಡಿ ಸಾಕು.”

ಆ ಮಾತು ನಾಟಿತು. ಪದರಕ್ಕ ಅದನ್ನು ಮುಚ್ಚಿಡುವುದಿಲ್ಲ. “ಎರಡು ದಿನ ಊಟ ಸೇರ್ಲಿಲ್ಲ. ಹೌದಲ್ಲ, ನಾನ್ಯಾರು ಹೇಳೋಕೆ? ಅವಳು ಓದಿದೋಳು. ನಾನು ಹತ್ತನೇ ಕ್ಲಾಸು. ಆದ್ರೆ ಕಣ್ಣಾರೆ ಕಂಡಿದ್ದನ್ನ ಹೇಗೆ ಇಲ್ಲ ಅನ್ಲಿ?” ಮೂರನೇ ದಿನ ಬೆಳಿಗ್ಗೆ ಗಂಡ ಊಟದ ಡಬ್ಬಿ ಕೈಗಿಡುತ್ತಾ ಹೇಳಿದರು: “ನಿನಗೆ ಕಂಡಿದ್ದನ್ನ ಅವರಿಗೂ ಕಾಣೋ ಹಾಗೆ ಮಾಡು. ಮಾತಲ್ಲಿ ಗೆಲ್ಲೋಕೆ ಹೋಗ್ಬೇಡ.”

ಪದರಕ್ಕ ಸೀದಾ ದೊಡ್ಡ ಮೇಡಂ ಬಳಿ ಹೋದರು. ಅಂಥದೇ ಇಲಿಯ ಒಂದು ಮಾಸು ಕೊಡಿ, ಎರಡು ವಾರ ಸಮಯ ಕೊಡಿ ಎಂದು ಕೇಳಿದರು. ಮೇಡಂ ಸೋಮವಾರವನ್ನು ಮುಂದೂಡಿದರು. ಸಂಶೋಧಕಿ ಅಂದು ಮುನಿಸಿಕೊಂಡು ಮನೆಗೆ ಹೋದಳು.

ಎಲ್ಲರೂ ಮಾಸನ್ನು ನಿಲ್ಲಿಸಿ ಕೊಯ್ಯುತ್ತಾರೆ. ಪದರಕ್ಕ ಈ ಸಲ ಮೇಣದಲ್ಲಿ ಅದನ್ನು ಮಲಗಿಸಿದರು. ತಾಯಿಯ ಕಡೆಯಿಂದ ಶುರುಮಾಡಿ ಮಗುವಿನ ಕಡೆಗೆ, ಮೇಲಿಂದ ಕೆಳಕ್ಕೆ. “ಬಳೆ ಇದೆ ಅಂದ್ಕೊಳ್ಳಿ. ನಿಲ್ಲಿಸಿ ನಡುವೆ ಕೊಯ್ದ್ರೆ ಎರಡು ಚುಕ್ಕೆ ಕಾಣುತ್ತೆ ಅಷ್ಟೆ. ಬಳೆ ಅಂತ ಯಾರೂ ಅನ್ನಲ್ಲ. ಮಲಗಿಸಿ ಕೊಯ್ದ್ರೆ ಬಳೆನೇ ಬರುತ್ತೆ.”

ನಾನೂರ ಹನ್ನೆರಡು ಪದರಗಳು. ಒಂದನ್ನೂ ಬಿಡುವಂತಿಲ್ಲ, ಒಂದರ ಜಾಗ ಇನ್ನೊಂದಕ್ಕೆ ಹೋಗುವಂತಿಲ್ಲ. ಆರು ಬೆಳಗು ಕೊಯ್ದರು. ಇನ್ನೂರರ ಹತ್ತಿರ ಬ್ಲೇಡು ‘ಅತ್ತಿತು’. ನಿಲ್ಲಿಸಿ ಹೊಸದು ಹಾಕಿದರು. ನೀರಿನ ಮೇಲೆ ಒಂದು ಪಟ್ಟಿ ಮಡಚಿಕೊಂಡಾಗ, ಕುಂಚದ ಒಂದೇ ಕೂದಲಿನಿಂದ ಅದನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಬಣ್ಣದ ಕೆಲಸ, ಆಮೇಲೆ ಕತ್ತಲೆ ಪೆಟ್ಟಿಗೆ, ಆಮೇಲೆ ಕಾಯುವುದು.

ಪೆಟ್ಟಿಗೆ ತೆರೆದದ್ದು ಒಂದು ಮುಂಜಾವು. ಮೇಡಂ ಇದ್ದರು. ಸಂಶೋಧಕಿ ಬಾಗಿಲಿಗೆ ಒರಗಿ, ಕೈಕಟ್ಟಿ ನಿಂತಿದ್ದಳು. ಮೊದಲ ನೂರು ಪದರಗಳಲ್ಲಿ ಏನೂ ಇರಲಿಲ್ಲ. ನೂರ ಹದಿನೇಳನೆಯದರಲ್ಲಿ, ಮಂಜಿನೊಳಗಿಂದ ದೀಪ ಕಂಡ ಹಾಗೆ, ಒಂದು ನೇರಳೆ ಕಮಾನು. ಮುಂದಿನ ಗಾಜಿನಲ್ಲಿ ಅದು ಉದ್ದವಾಗಿತ್ತು. ನೂರ ಮೂವತ್ತರ ಹೊತ್ತಿಗೆ ತುದಿಗಳೆರಡೂ ಸೇರಿ, ಒಂದು ಪೂರ್ತಿ ಬಳೆ. ಒಳಗೆಲ್ಲ ಬರಿದು. ಅಂಚಿಗೆ ಮಾತ್ರ, ಒಂದೇ ಒಂದು ಸಾಲು ಜೀವಕೋಶಗಳಲ್ಲಿ, ಆ ಜೀನ್ ಎಚ್ಚರವಾಗಿತ್ತು.

ಸಂಶೋಧಕಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಕಣ್ಣುಗಳು ಒದ್ದೆಯಾಗಿದ್ದವು. “ಎರಡು ಸ್ವಿಚ್ಚಿದೆ,” ಎಂದಳು. “ನಾನು ತೆಗೆದಿದ್ದು ಒಳಗಡೆಯದು ಮಾತ್ರ. ಅಂಚಿಗೆ ಬೇರೆ ಇದೆ. ಅದಕ್ಕೇ ಮರಿಗಳು ಬದುಕಿದ್ದು.” ಆಮೇಲೆ ಪದರಕ್ಕನ ಕಡೆ ತಿರುಗಿ, ಅವರ ನೋಯುವ ಭುಜದ ಮೇಲೆ ತಲೆಯಿಟ್ಟಳು.

“ಆ ಕಡೆ ಭುಜಕ್ಕೆ ಒರಗೇ, ಈ ಕಡೆ ನೋಯುತ್ತೆ ಅಂದೆ,” ಎಂದು ಪದರಕ್ಕ ಈಗ ನಗುತ್ತಾರೆ.

ಪ್ರಬಂಧ ಹೊರಬರಲು ಮತ್ತೊಂದು ವರ್ಷ ಹಿಡಿಯಿತು. ಎರಡನೇ ಸ್ವಿಚ್ಚನ್ನೂ ಹುಡುಕಿದ ಮೇಲೆಯೇ ಕಳಿಸಿದರು. ಅದುವರೆಗೆ ಪ್ರಬಂಧಗಳ ಕೊನೆಯಲ್ಲಿ ‘ತಾಂತ್ರಿಕ ನೆರವಿಗೆ ಕೃತಜ್ಞತೆಗಳು’ ಎಂಬ ಸಾಲಿನಲ್ಲಿ ಇರುತ್ತಿದ್ದ ಹೆಸರು, ಈ ಸಲ ಮೇಲೆ, ಲೇಖಕರ ಸಾಲಿನಲ್ಲಿ ಎರಡನೆಯದಾಗಿ ಬಂತು. ಸಂಶೋಧಕಿ ಹಟ ಹಿಡಿದು ಹಾಕಿಸಿದ್ದು. ಗಂಡ ಅದನ್ನು ಮೂರು ಸಲ ಓದಿಸಿಕೊಂಡರು. ನಿಮಗೆ ಸಂತೋಷವಾಯಿತೇ ಎಂದು ಪದರಕ್ಕನನ್ನು ಕೇಳಿದರೆ, “ಆಯ್ತಪ್ಪ, ಆಗದೇ ಇರುತ್ತಾ? ಆದ್ರೆ ಹೆಸರು ಬಂತು ಅಂತ ಮಾರನೇ ದಿನ ಬ್ಲೇಡು ತಾನಾಗೇ ಕೊಯ್ಯುತ್ತಾ?”

ಅವರು ಹೆಚ್ಚು ನೆನೆಯುವುದು ಇನ್ನೊಂದು ಮಾತನ್ನು. ಬಳೆ ಕಂಡ ಆ ಬೆಳಿಗ್ಗೆ, ಎಲ್ಲರೂ ಹೋದ ಮೇಲೆ, ದೊಡ್ಡ ಮೇಡಂ ಒಬ್ಬರೇ ಉಳಿದಿದ್ದರು. ಇಪ್ಪತ್ತೈದು ವರ್ಷ ಕೇಳದೆ ಇದ್ದುದನ್ನು ಪದರಕ್ಕ ಕೇಳಿದರು.

“ಮೇಡಂ, ಅವತ್ತು ನನ್ನ ಮಗುಗೆ ಆಗಿದ್ದು ಇದೇನಾ?”

ಮೇಡಂ ಕುರ್ಚಿ ಎಳೆದುಕೊಂಡು ಎದುರು ಕೂತರು. “ಗೊತ್ತಿಲ್ಲ. ಇದು ಇಲಿಯದು. ಮನುಷ್ಯರದ್ದು ಬೇರೆ ಇರಬಹುದು, ಕಾರಣ ನೂರಿರಬಹುದು. ನಿಮಗೆ ಸುಳ್ಳು ಹೇಳಲ್ಲ, ಗೊತ್ತಿಲ್ಲ. ಆದ್ರೆ ಒಂದು ಗೊತ್ತು. ನೀವು ಭಾರ ಎತ್ತಿದ್ದಕ್ಕೆ, ಊಟ ಬಿಟ್ಟಿದ್ದಕ್ಕೆ ಇಂಥ ದೀಪ ಆರಲ್ಲ. ಉಳಿದಿದ್ದನ್ನ ಹುಡುಕ್ತಾ ಇರೋಣ.”

ಇದನ್ನು ಹೇಳುವಾಗ ಪದರಕ್ಕನ ಚಕ್ರ ನಿಲ್ಲುತ್ತದೆ. “ಅದೇ ಒಂದು ಪದ ನೋಡಿ. ಆಸ್ಪತ್ರೆಯಲ್ಲಿ ‘ಗೊತ್ತಿಲ್ಲ’ ಅಂದಾಗ ಬಾಗಿಲು ಹಾಕಿದ ಹಾಗಿತ್ತು. ಮೇಡಂ ‘ಗೊತ್ತಿಲ್ಲ’ ಅಂದಾಗ ಬಾಗಿಲು ತೆಗೆದ ಹಾಗಿತ್ತು. ಮನೆಗೆ ಹೋಗಿ ಚೆನ್ನಾಗಿ ಅತ್ತೆ. ಆಮೇಲೆ ಚೆನ್ನಾಗಿ ಉಂಡೆ.”

ಆ ಮೊದಲ ಮಗುವಿನ ನಂತರ, ಮೂರು ವರ್ಷಕ್ಕೆ ಒಬ್ಬ ಮಗಳು ಹುಟ್ಟಿದಳು. ಈಗ ಇಪ್ಪತ್ತಾರು. ಬಸ್ಸು ಓಡಿಸುತ್ತಾಳೆ. ಆರು ತಿಂಗಳ ಬಸುರಿಯಾದ್ದರಿಂದ ಸದ್ಯಕ್ಕೆ ಸ್ಟಿಯರಿಂಗ್ ಬಿಟ್ಟು ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಳ್ಳುತ್ತಿದ್ದಾಳೆ. ಕಳೆದ ತಿಂಗಳು ಸ್ಕ್ಯಾನಿಂಗಿಗೆ ತಾಯಿಯೂ ಜೊತೆಗೆ ಹೋಗಿದ್ದರು. ಪರದೆಯ ಮೇಲೆ ಮಗು ಮೂಡಿತು. ಅಳಿಯ “ನೋಡಿ ಅತ್ತೆ, ಮೂಗು, ಮೂಗು!” ಎಂದು ಕುಣಿದ. ಅತ್ತೆ ಮಾತ್ರ ಸ್ಕ್ಯಾನ್ ಮಾಡುವಾಕೆಯ ಕಡೆ ಬಾಗಿ ಕೇಳಿದರು: “ಮೂಗು ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಮಾಸು ತೋರ್ಸಿ.” ಮಗಳು ಮಲಗಿದಲ್ಲೇ ಹಣೆ ಚಚ್ಚಿಕೊಂಡಳು.

ಸ್ಕ್ಯಾನ್ ಮಾಡುವಾಕೆ ತೋರಿಸಿದಳು. ಗರ್ಭದ ಗೋಡೆಗೆ ಅಂಟಿಕೊಂಡ ಬೂದುಬಣ್ಣದ ದಪ್ಪನೆಯ ತುಂಡು. ಏಳೂಮುಕ್ಕಾಲು ಲಕ್ಷ ಗಾಜುಗಳನ್ನು ಕಂಡ ಕಣ್ಣು ಮೊದಲ ಸಲ, ಕೊಯ್ಯದ ಒಂದನ್ನು, ಬದುಕಿರುವ ಒಂದನ್ನು ನೋಡಿತು. ಅದರ ಬುಡದಲ್ಲಿ ರಕ್ತ ಮಿನುಗಿ ಮಿನುಗಿ ಹರಿಯುತ್ತಿತ್ತು. “ಚೆನ್ನಾಗಿ ಅಂಟ್ಕೊಂಡಿದೆ ಅಲ್ವಾ?” ಎಂದರು. “ತುಂಬಾ ಚೆನ್ನಾಗಿ,” ಎಂದಳು ಆಕೆ.

ಪದರಕ್ಕನ ನಿವೃತ್ತಿಗೆ ಇನ್ನು ಐದು ವರ್ಷವಿದೆ. ಏನಾದರೂ ಆಸೆ ಉಳಿದಿದೆಯೇ ಎಂದರೆ, ಮೇಣದ ಹೊಸ ಬ್ಲಾಕೊಂದನ್ನು ಚಕ್ರಕ್ಕೆ ಬಿಗಿಯುತ್ತಾ ಹೇಳುತ್ತಾರೆ.

“ಒಂದೇ ಆಸೆ. ಮಗಳ ಹೆರಿಗೆ ದಿನ ಎಲ್ರೂ ಮಗು ಕಡೆ ಓಡ್ತಾರೆ. ಓಡ್ಲಿ, ನಾನೂ ಹೋಗ್ತೀನಿ. ಅದಕ್ಕೂ ಮುಂಚೆ ಎರಡು ನಿಮಿಷ ನನ್ನನ್ನ ಆ ಬಕೆಟ್ಟಿನ ಹತ್ರ ನಿಲ್ಲೋಕೆ ಬಿಟ್ರೆ ಸಾಕು. ಒಂಬತ್ತು ತಿಂಗಳು ಹಗಲು ರಾತ್ರಿ ದುಡಿದು ಹೋಗ್ತಾ ಇರುತ್ತೆ ಪಾಪ. ಯಾರಾದ್ರೂ ಒಬ್ರು ನಿಂತು ಬೀಳ್ಕೊಡ್ಬೇಕಲ್ವಾ?”